ಗೆಣಸಿನ ಗಂಜಿ

2022ರಲ್ಲಿ ಓದಲೆಂದು ತೈವಾನಿಗೆ ಹೋದಾಗ ಸಿಂಚು ನಗರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯೊಡತಿ, ಎಪ್ಪತ್ತರ ಅಜ್ಜಿ. ಎಲ್ಲರಂತೆ ನಾನೂ ಅವರನ್ನು 'ಅಮಾ' ಎನ್ನುತ್ತಿದ್ದೆ. ಅವರ ಮಾತಿನಲ್ಲಿ ಅಜ್ಜಿ ಎಂದೇ ಅರ್ಥ. ಮೊದಲ ವಾರವೇ ಗೆಣಸು ಹಾಕಿ ಬೇಯಿಸಿದ ಅನ್ನದ ಗಂಜಿ ಬಡಿಸಿದರು. 'ಚೀನಾದ ಅಡುಗೆ ಇಷ್ಟು ಹಿತವಾಗಿರುತ್ತದೆ ಅಂತ ಗೊತ್ತಿರಲಿಲ್ಲ' ಎಂದೆ. ಅಮಾ ಚಮಚ ಕೆಳಗಿಟ್ಟರು. ಅವರು ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು: 'ಇದು ಚೀನಾದ್ದಲ್ಲ, ನಮ್ಮದು.'

ಆ ದ್ವೀಪದ ಆಕಾರ ಗೆಣಸಿನ ಹಾಗಿದೆ. ಹಿಂದಿನಿಂದ ನೆಲೆಸಿದವರು ತಮ್ಮನ್ನು 'ಗೆಣಸು' ಎಂದೇ ಕರೆದುಕೊಳ್ಳುತ್ತಾರೆ. ಚೀನಾದ ಅಂತರ್ಯುದ್ಧದಲ್ಲಿ ಸೋತು, 1949ರ ಹೊತ್ತಿಗೆ ಚಿಯಾಂಗ್ ಕೈ ಶೇಕ್ ಜೊತೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಅವರಿಟ್ಟ ಹೆಸರು 'ಕೆಸುವಿನ ಗೆಡ್ಡೆ'.

ಅಮಾ ಅವರ ಅಪ್ಪ ಶಾಲೆಯಲ್ಲಿ ಕಲಿತದ್ದು ಜಪಾನಿ. ಅಮಾ ಕಲಿತದ್ದು ಮ್ಯಾಂಡರಿನ್. ಮನೆಮಾತು ಬಾಯಿ ತಪ್ಪಿ ಬಂದರೆ ಮೇಷ್ಟರು ಕುತ್ತಿಗೆಗೆ ಹಲಗೆ ನೇತುಹಾಕುತ್ತಿದ್ದರಂತೆ. ಅವರ ದೊಡ್ಡಪ್ಪ 1947ರ ಮಾರ್ಚಿನಲ್ಲಿ ಮನೆಯಿಂದ ಹೋದವರು ಮರಳಲಿಲ್ಲ. ಫೆಬ್ರುವರಿ 28ರ ದಂಗೆಯನ್ನು ಅಡಗಿಸಲು ಬಂದ ಸೈನ್ಯ ಆಗ ಸಾವಿರಾರು ಜನರನ್ನು ಕೊಂದಿತ್ತು. 1987ರಲ್ಲಿ, 38 ವರ್ಷಗಳ ಸೇನಾ ಕಾನೂನು ಮುಗಿಯುವವರೆಗೆ ದೊಡ್ಡಪ್ಪನ ಹೆಸರನ್ನು ಮನೆಯೊಳಗೂ ಯಾರೂ ಎತ್ತಲಿಲ್ಲ.

ಅಮಾ ಅವರ ವಾದ ನೇರವಾದದ್ದು. 1895ರಲ್ಲಿ ಚಿಂಗ್ ದೊರೆಗಳು ದ್ವೀಪವನ್ನು ಜಪಾನಿಗೆ ಬರೆದುಕೊಟ್ಟರು. 1951ರ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದದಲ್ಲಿ ಜಪಾನ್ ಅದನ್ನು ಬಿಟ್ಟುಕೊಟ್ಟಿತು. ಯಾರಿಗೆ ಎಂದು ಬರೆಯಲಿಲ್ಲ. ಈಗಿನ ಬೀಜಿಂಗ್ ಸರ್ಕಾರ ಇಲ್ಲಿ ಒಂದು ದಿನವೂ ಆಳಿಲ್ಲ. 'ಹಾಗಾದರೆ ಈ ನೆಲ ಇಲ್ಲಿರುವವರದ್ದಲ್ಲದೆ ಇನ್ಯಾರದ್ದು?' ಎನ್ನುತ್ತಿದ್ದರು. ಬೀಜಿಂಗ್ ಮುಂದಿಡುವುದು 1943ರ ಕೈರೋ ಘೋಷಣೆಯನ್ನು; ದ್ವೀಪವನ್ನು ಚೀನಾಕ್ಕೆ ಮರಳಿಸಬೇಕೆಂದು ಅದರಲ್ಲಿದೆ.

ಅದೇ ಮನೆಯ ಗೋಡೆಯ ಮೇಲೆ ಇನ್ನೊಬ್ಬರ ಫೋಟೊ ಇತ್ತು: ಅಮಾ ಅವರ ಬೀಗರು. ಶಾಂಡಾಂಗ್ ಪ್ರಾಂತದಿಂದ ಎಳೆಯ ಸೈನಿಕನಾಗಿ ಬಂದವರು. ಊರಿಗೆ ಹೋಗಿಬರಲು ಅನುಮತಿ ಸಿಕ್ಕಿದ್ದು ಅದೇ 1987ರ ಕೊನೆಗೆ. ಹೋಗಿ ನೋಡಿದರೆ ತಾಯಿ ತೀರಿಕೊಂಡಿದ್ದರು. ಕೊನೆಯವರೆಗೂ 'ನಾನು ಚೀನೀಯ' ಎಂದೇ ಹೇಳುತ್ತಿದ್ದರಂತೆ. ಅಮಾ ಅವರೊಡನೆ ವಾದಿಸಲಿಲ್ಲ. 'ಅವರೂ ಕಳಕೊಂಡವರೇ' ಎಂದಷ್ಟೇ ಹೇಳಿದರು.

ಅಮಿಸ್ ಬುಡಕಟ್ಟಿನ ನನ್ನ ಸಹಪಾಠಿಗೆ ಇದನ್ನೆಲ್ಲ ಹೇಳಿದೆ. ಡಚ್ಚರು ಬಂದ 1624ರಿಂದ ಎಣಿಸಿ 'ನಾನೂರು ವರ್ಷಗಳ ತೈವಾನ್' ಎನ್ನುವುದು ಅಲ್ಲಿ ರೂಢಿ. ಅವನು ನಕ್ಕ. 'ಯಾವ ನಾನೂರು? ನಾವು ಇಲ್ಲಿರುವುದು ಸಾವಿರಾರು ವರ್ಷಗಳಿಂದ. ಗೆಣಸು ಹೊರಗಿನಿಂದ ಬಂದದ್ದು. ನಮ್ಮದು ನವಣೆ.'

ಅಂದಿನಿಂದ ಅಲ್ಲಿ ಯಾರು ಚರಿತ್ರೆ ಹೇಳಿದರೂ, ಯಾವ ಇಸವಿಯಿಂದ ಶುರುಮಾಡುತ್ತಾರೆ ಎಂದು ಗಮನಿಸತೊಡಗಿದೆ. ಮೊಮ್ಮಗಳು ಶುರುಮಾಡುವುದು 1996ರಿಂದ. ಆ ವರ್ಷ ಜನ ಮೊದಲ ಸಲ ಅಧ್ಯಕ್ಷರನ್ನು ನೇರವಾಗಿ ಆರಿಸಿದರು. ಮತದಾನಕ್ಕೆ ಮುನ್ನ ಚೀನಾದ ಕ್ಷಿಪಣಿಗಳು ಸುತ್ತಲಿನ ಸಮುದ್ರದಲ್ಲಿ ಬಿದ್ದಿದ್ದವು. 'ಅಜ್ಜಿ ಗೆಣಸು, ತಾತ ಕೆಸು. ನನಗೆ ಎರಡೂ ಬೇಕು. ಆದರೆ ನನ್ನ ದೇಶ ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ' ಎಂದಳು.

2024ರಲ್ಲಿ ಕಡ್ಡಾಯ ಸೈನಿಕ ಸೇವೆ ನಾಲ್ಕು ತಿಂಗಳಿಂದ ಒಂದು ವರ್ಷಕ್ಕೆ ಏರಿತು. ಅವಳ ತಮ್ಮ 2005ರಲ್ಲಿ ಹುಟ್ಟಿದವನು. ಹೊಸ ನಿಯಮ ಅನ್ವಯಿಸುವುದು ಆ ವರ್ಷದವರಿಂದಲೇ. ಅವನು ಹೊರಡುವ ಮುಂಜಾನೆ ಅಮಾ ಗೆಣಸಿನ ಗಂಜಿ ಮಾಡಿದ್ದರು. ನನ್ನನ್ನೂ ಕರೆದರು. ಹುಡುಗ ಬೋಳಿಸಿದ ತಲೆ ಸವರಿಕೊಳ್ಳುತ್ತ ಎರಡು ಬಟ್ಟಲು ಖಾಲಿ ಮಾಡಿದ. ಆ ದಿನ ಅಮಾ ಯಾವ ಇಸವಿಯನ್ನೂ ಹೇಳಲಿಲ್ಲ. 'ಇನ್ನೊಂದು ಸ್ವಲ್ಪ ಹಾಕಲಾ?' ಎಂದು ಅವನನ್ನು ಮತ್ತೆ ಮತ್ತೆ ಕೇಳುತ್ತಿದ್ದರು.