ತೂತು ಮಾಡುವ ಕೆಲಸ

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮೇಷ್ಟ್ರು ಒಂದು ದಿನ, "ನಿಮ್ಮಪ್ಪ ಏನು ಕೆಲಸ ಮಾಡ್ತಾರೋ?" ಎಂದು ಕೇಳಿದರು. "ತೂತು ಮಾಡ್ತಾರೆ ಸಾರ್" ಎಂದೆ. ತರಗತಿಗೆ ತರಗತಿಯೇ ನಕ್ಕಿತು.

ನಾನು ಸುಳ್ಳೇನೂ ಹೇಳಿರಲಿಲ್ಲ. ಅಪ್ಪ ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ಮರಳಿನ 'ಕೋರ್' ಮಾಡುತ್ತಿದ್ದರು. ಪಂಪಿನ ಹೊಟ್ಟೆ ಟೊಳ್ಳಾಗಿರಬೇಕಾದರೆ ಆ ಟೊಳ್ಳಿನ ಆಕಾರದ ಮರಳುಗಟ್ಟಿಯನ್ನು ಅಚ್ಚಿನೊಳಗಿಟ್ಟು, ಸುತ್ತ ಕರಗಿದ ಲೋಹ ಹೊಯ್ಯಬೇಕು. ಲೋಹ ಆರಿದ ಮೇಲೆ ಮರಳನ್ನು ಕುಟ್ಟಿ ಉದುರಿಸಬೇಕು. ಒಡೆಯುವುದಕ್ಕೆಂದೇ ಮಾಡುವ ಕಸುಬು ಅದು. ಅಂದಿನ ನಗೆಯ ಮೇಲೆ ನಾನು "ಫ್ಯಾಕ್ಟರಿಯಲ್ಲಿದ್ದಾರೆ" ಎಂದಷ್ಟೇ ಹೇಳಿ ಜಾರಿಕೊಳ್ಳುವುದನ್ನು ಕಲಿತೆ. ಎಂ.ಎ. ಆದ ಮೇಲೂ ಆ ವಿದ್ಯೆ ಮರೆಯಲಿಲ್ಲ.

ಮೊನ್ನೆ ಎದುರು ಮನೆಯ ಹುಡುಗ ಬಂದ, ಸಂಶೋಧನೆ ಮಾಡುತ್ತಿರುವವನು. 'ಇನ್‌ವರ್ಸ್ ಓಪಲ್' ಎಂಬುದಕ್ಕೆ ಕನ್ನಡ ಪದ ಬೇಕಂತೆ. ಪದಾರ್ಥ ತಿಳಿಯದೆ ಪದ ಹುಟ್ಟಿಸುವುದು ನಮ್ಮಂಥವರಿಗೆ ಹೊಸದಲ್ಲವಾದರೂ, "ಮೊದಲು ಪದಾರ್ಥ ತೋರಿಸಪ್ಪ" ಎಂದೆ.

ಓಪಲ್ ಎಂಬುದು ಬಣ್ಣಗಳು ಆಡುವ ರತ್ನ. ಸಿ. ವಿ. ರಾಮನ್ನರು ನಮ್ಮ ಬೆಂಗಳೂರಿನಲ್ಲೇ ಅದನ್ನು ಪರೀಕ್ಷಿಸಿ, ಎ. ಜಯರಾಮನ್ನರೊಡನೆ 1953ರಲ್ಲಿ ಪ್ರಬಂಧ ಬರೆದಿದ್ದರು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಒಳಗಿನ ಗುಟ್ಟು ಕಂಡಿತು: ಒಂದೇ ಅಳತೆಯ ಸಿಲಿಕಾ ಗುಂಡುಗಳು, ಅಂಗಡಿಯಲ್ಲಿ ಕಿತ್ತಳೆ ಪೇರಿಸಿದಂತೆ ಸಾಲಾಗಿ ಕುಳಿತಿವೆ. ಸಾಲುಗಳ ಅಂತರಕ್ಕೆ ಹೊಂದುವ ಬಣ್ಣ ಹಿಂದಿರುಗುತ್ತದೆ, ಮಿಕ್ಕವು ದಾಟಿಹೋಗುತ್ತವೆ.

1990ರ ದಶಕದ ಕೊನೆಗೆ ವಿಜ್ಞಾನಿಗಳು ಇದನ್ನು ಮಗುಚಿಹಾಕಿದರು. ಕೂದಲ ದಪ್ಪದ ಇನ್ನೂರರಲ್ಲೊಂದು ಪಾಲಿನಷ್ಟಿರುವ ಪಾಲಿಸ್ಟೈರೀನ್ ಗುಂಡುಗಳನ್ನು (ಥರ್ಮಾಕೋಲ್ ಆಗುವುದೂ ಅದೇ ವಸ್ತುವಿನಿಂದ) ನೀರಿನಲ್ಲಿ ಕಲಸಿ, ಗಾಜಿನ ಮೇಲೆ ನಿಧಾನವಾಗಿ ಆರಲು ಬಿಡುತ್ತಾರೆ. ಅವು ತಾವೇ ಸಾಲುಗಟ್ಟುತ್ತವೆ. ಸಂದುಗಳಿಗೆ ಟೈಟಾನಿಯಂ ದ್ರಾವಣ ಇಳಿಸಿ, ಸುಮಾರು 450 ಡಿಗ್ರಿಗೆ ಕಾಯಿಸುತ್ತಾರೆ. ಗುಂಡು ಉರಿದುಹೋಗಿ, ಅದು ಕುಳಿತಿದ್ದ ಜಾಗ ಉಳಿಯುತ್ತದೆ. ಲೆಕ್ಕದ ಪ್ರಕಾರ ನೂರಕ್ಕೆ 74 ಪಾಲು ತೂತು, 26 ಪಾಲು ವಸ್ತು! ಆ ವಸ್ತುವಾದರೂ ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರುವುದೇ. ಬಣ್ಣವೆಲ್ಲ ತೂತಿನ ಜೋಡಣೆಯದು.

ಹುಡುಗ ಜೇಬಿನಿಂದ ಗಾಜಿನ ಚೂರೊಂದನ್ನು ತೆಗೆದ. ಹಸಿರು ಮಿನುಗುತ್ತಿತ್ತು, ಓರೆ ಮಾಡಿದರೆ ನೀಲಿಯತ್ತ ಸರಿಯಿತು. ಒಂದು ತೊಟ್ಟು ಸ್ಪಿರಿಟ್ ಬಿಟ್ಟ. ತೂತುಗಳಲ್ಲಿ ಅದು ತುಂಬಿ ಹಸಿರು ಕೆಂಪಿನತ್ತ ವಾಲಿತು. ಸ್ಪಿರಿಟ್ ಆರಿದೊಡನೆ ಮತ್ತೆ ಹಸಿರು. ಹೊಕ್ಕ ದ್ರವ ಯಾವುದೆಂದು ಬಣ್ಣದಿಂದಲೇ ಪತ್ತೆಮಾಡಬಹುದಂತೆ. ನಾನು 'ಆಹಾ' ಎಂದೆ. ಅದಕ್ಕಿಂತ ಹೆಚ್ಚಿನದು ನನಗೆ ಹೊಳೆಯಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ಕೈಚಾಚಿದರು. ಚೂರನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಅಲ್ಲಪ್ಪ, ಸುಟ್ಟಿದ್ದು ಹೊರಗೆ ಬಂದದ್ದು ಹೇಗೆ? ಒಳಗಿನ ಗುಂಡಿಗೆ ದಾರಿ ಎಲ್ಲಿ? ಹೊಗೆ ಹೋಗೋಕೆ ದಾರಿ ಇಲ್ಲದಿದ್ರೆ ಎರಕ ಒಡೆದುಹೋಗುತ್ತೆ" ಎಂದರು.

ಹುಡುಗ ಬೆರಗಾಗಿ, "ಅದೇ ತಾತ, ಗುಂಡಿಗೆ ಗುಂಡು ತಗಲಿರೋ ಕಡೆ ದ್ರಾವಣ ಹೋಗಲ್ಲ. ಅಲ್ಲೆಲ್ಲ ಕಿಂಡಿ ಉಳಿಯುತ್ತೆ" ಎಂದ.

"ಹಾಗಾದ್ರೆ ಸರಿ. ಕೋರ್ ಚೆನ್ನಾಗಿ ಕೂರಿಸಿದ್ದೀರಿ" ಎಂದು ಅಪ್ಪ ಚೂರನ್ನು ಹಿಂದಿರುಗಿಸಿದರು.

ಪದ ಇನ್ನೂ ಸಿಕ್ಕಿಲ್ಲ. ಹುಡುಗ ಹೊರಡುವಾಗ ಬಾಗಿಲಲ್ಲಿ ನಿಂತು, "ತಾತ ಏನು ಕೆಲಸದಲ್ಲಿದ್ರು ಸಾರ್?" ಎಂದು ಕೇಳಿದ. ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ತೂತು ಮಾಡ್ತಿದ್ರು."