ಬಿಸಿನೀರಿನ ಲೆಕ್ಕ: ಕೆಲವು ಟಿಪ್ಪಣಿಗಳು

ಕೈಗಾ ಅಣು ವಿದ್ಯುತ್ ಸ್ಥಾವರದ ಸುದ್ದಿ ಬಂದಾಗಲೆಲ್ಲ ಮಂಗಳೂರಿನಲ್ಲಿ ವಿಕಿರಣದ ಮಾತು ಮೊದಲು ಬರುತ್ತದೆ. ಕ್ಯಾನ್ಸರ್, ಸೋರಿಕೆ, ಅಪಘಾತ, ಎಲ್ಲವೂ ಚರ್ಚೆಗೆ ಬರುತ್ತವೆ. ಬಿಸಿನೀರಿನ ಮಾತು ಮಾತ್ರ ಬರುವುದಿಲ್ಲ. ಅಪಘಾತ ಆಗಬಹುದು, ಆಗದೆಯೂ ಇರಬಹುದು. ಬಿಸಿನೀರು ಹಾಗಲ್ಲ, ಸ್ಥಾವರ ಓಡುವಷ್ಟು ದಿನವೂ ಅದು ಹರಿಯಲೇಬೇಕು. ಖಂಡಿತವಾಗಿ ಆಗುವ ಪರಿಣಾಮದ ಬಗ್ಗೆ ಇಷ್ಟು ಕಡಿಮೆ ಮಾತಾಡುತ್ತೇವೆ ಯಾಕೆ? ಈ ಟಿಪ್ಪಣಿಗಳು ಶುರುವಾದದ್ದು ಆ ಪ್ರಶ್ನೆಯಿಂದ.

*

ಮೊದಲು ಲೆಕ್ಕ. ಕೈಗಾದಲ್ಲಿ ಈಗ ಇರುವುದು 220 ಮೆಗಾವಾಟ್‌ನ ನಾಲ್ಕು ಘಟಕಗಳು. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡಲು ಶುರುಮಾಡಿದವು. 220 ಮೆಗಾವಾಟ್ ವಿದ್ಯುತ್ತಿಗೆ ರಿಯಾಕ್ಟರಿನೊಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಬೇಕು. ಉಳಿದ 530ಕ್ಕೆ ತಂತಿಯಲ್ಲಿ ಹೋಗುವ ದಾರಿ ಇಲ್ಲ. ಟರ್ಬೈನ್ ತಿರುಗಿಸಿದ ಹಬೆಯನ್ನು ಕಂಡೆನ್ಸರ್‌ನಲ್ಲಿ ತಣ್ಣಗಾಗಿಸುವ ನೀರೇ ಆ ಶಾಖವನ್ನು ಹೊತ್ತುಕೊಂಡು ಹೊರಗೆ ಹೋಗಬೇಕು. ನಾಲ್ಕೂ ಘಟಕ ಪೂರ್ತಿ ಓಡುವಾಗ 2,100 ಮೆಗಾವಾಟ್‌ನಷ್ಟು ಶಾಖ ಹೀಗೆ ಹೊರಬೀಳುತ್ತದೆ. ಕೊಡುವ ವಿದ್ಯುತ್ 880, ಬಿಡುವ ಬಿಸಿ ಅದರ ಸುಮಾರು ಎರಡೂವರೆ ಪಟ್ಟು. ಕಲ್ಲಿದ್ದಲ ಸ್ಥಾವರದಲ್ಲಾದರೆ ಒಂದಷ್ಟು ಬಿಸಿ ಚಿಮಣಿಯಿಂದ ಹೋಗುತ್ತದೆ. ಅಣುಸ್ಥಾವರದಲ್ಲಿ ಭಾರವೆಲ್ಲ ನೀರಿನ ಮೇಲೆ.

ಇಲ್ಲಿ ಆ ನೀರು ಕಾಳಿ ನದಿಯದು. ಮೇಲೆ ಕೊಡಸಳ್ಳಿ ಅಣೆಕಟ್ಟು, ಕೆಳಗೆ ಕದ್ರಾ ಅಣೆಕಟ್ಟು, ನಡುವೆ ಸ್ಥಾವರ. ಕದ್ರಾ ಜಲಾಶಯದ ನೀರು ಕಂಡೆನ್ಸರ್ ಹೊಕ್ಕು, ಬಿಸಿಯಾಗಿ, ಮತ್ತೆ ಅದೇ ಜಲಾಶಯಕ್ಕೆ ಬೀಳುತ್ತದೆ.

*

ಬಿಸಿನೀರು ಹಗುರ, ತಣ್ಣೀರಿನ ಮೇಲೆ ಪದರವಾಗಿ ಹರಡುತ್ತದೆ. ಹಾಗಿರುವಾಗ ಜಲಾಶಯದ ಉಷ್ಣತೆ ಇಷ್ಟು ಎಂದು ಒಂದೇ ಅಂಕಿ ಕೊಟ್ಟರೆ ನನಗೆ ಅರ್ಥವಾಗುವುದಿಲ್ಲ. ಎಲ್ಲಿಯದು? ಮೇಲಿನದೋ, ಹತ್ತು ಮೀಟರ್ ಆಳದ್ದೋ? ಬೆಳಗಿನ ಜಾವದ್ದೋ, ಮಧ್ಯಾಹ್ನದ್ದೋ? ಜುಲೈಯದೋ, ಏಪ್ರಿಲ್‌ನದೋ?

ಈ ಕೊನೆಯ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾದ ಗೇಟು ತೆರೆದಾಗ ಕೆಳಗಿನ ಊರುಗಳು ಮುಳುಗಿದವು. ಅಂಥ ಹೊಳೆಗೆ ಎಷ್ಟು ಬಿಸಿನೀರು ಬಿಟ್ಟರೂ ಗೊತ್ತಾಗಲಿಕ್ಕಿಲ್ಲ. ಅದೇ ಹೊಳೆಯ ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಕರಾವಳಿಯ ಹೊಳೆಗಳನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ತುಂಬೆ ಅಣೆಕಟ್ಟನ್ನು ಮೀರಿ ಉಕ್ಕುವ ನೇತ್ರಾವತಿಯನ್ನೂ, ಬೇಸಿಗೆಯಲ್ಲಿ ಅದೇ ತುಂಬೆಯ ನೀರಿನ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡುವ ಆತಂಕವನ್ನೂ ಒಂದೇ ವರ್ಷದೊಳಗೆ ಅನುಭವಿಸುವವರು ನಾವು. ಆ ಎರಡರ ಸರಾಸರಿ ತೆಗೆದರೆ ಸಿಗುವ ನದಿ ಎಲ್ಲಿಯೂ ಹರಿಯುವುದಿಲ್ಲ.

*

ನಿಯಮ ಏನು ಹೇಳುತ್ತದೆ? 1999ರ ಜೂನ್ ನಂತರದ ಉಷ್ಣ ವಿದ್ಯುತ್ ಸ್ಥಾವರಗಳು ನದಿ, ಕೆರೆ, ಜಲಾಶಯದ ನೀರು ಬಳಸುವುದಾದರೆ ಕೂಲಿಂಗ್ ಟವರ್ ಕಟ್ಟಲೇಬೇಕು. ಸಮುದ್ರದ ನೀರು ಬಳಸುವುದಾದರೆ ಹೊರಬಿಡುವ ನೀರಿನಿಂದ ಸಮುದ್ರದ ನೀರಿನ ಬಿಸಿ 7 ಡಿಗ್ರಿಗಿಂತ ಹೆಚ್ಚು ಏರಬಾರದು.

ಈ 7 ಡಿಗ್ರಿ ವ್ಯತ್ಯಾಸದ ಅಳತೆ. ಸಮುದ್ರ 26 ಡಿಗ್ರಿ ಇರುವಾಗಲೂ 7, 31 ಇರುವಾಗಲೂ 7. ಮೀನಿಗೆ ವ್ಯತ್ಯಾಸ ಎಷ್ಟಾದರೇನು, ಅದು ಬದುಕಬೇಕಾದದ್ದು ಎದುರಿಗಿರುವ ನೀರಿನಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 30 ಡಿಗ್ರಿಯ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 7.5 ಮಿಲಿಗ್ರಾಂ ಹಿಡಿಸಿದರೆ 35ರಲ್ಲಿ ಏಳಕ್ಕಿಂತ ಕಡಿಮೆ. ಮೀನಿನ ಉಸಿರಾಟವೋ ಬಿಸಿ ಏರಿದಂತೆ ಹೆಚ್ಚಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ.

2003ರ ಬೇಸಿಗೆಯಲ್ಲಿ ಫ್ರಾನ್ಸ್ ಕೂಡ ಇಂಥದ್ದೇ ಇಕ್ಕಟ್ಟನ್ನು ಕಂಡಿತು. ಬಿಸಿಗಾಳಿಗೆ ನದಿಗಳು ಮೊದಲೇ ಕಾದಿದ್ದವು, ನೀರೂ ಕಡಿಮೆಯಾಗಿತ್ತು. ಆಗ ಕೆಲವು ಅಣುಸ್ಥಾವರಗಳಿಗೆ ಮಿತಿ ಮೀರಿ ಬಿಸಿನೀರು ಬಿಡಲು ಸರ್ಕಾರವೇ ವಿನಾಯಿತಿ ಕೊಟ್ಟಿತು. ನದಿಗೆ ರಕ್ಷಣೆ ತೀರಾ ಬೇಕಾದ ದಿನವೇ ವಿದ್ಯುತ್ತಿನ ಬೇಡಿಕೆಯೂ ತೀರಾ ಹೆಚ್ಚು. ನಮ್ಮಲ್ಲಿ ಆ ದಿನ ಬಂದರೆ ಯಾರು ಮಣಿಯಬೇಕು, ಯಾವ ಡಿಗ್ರಿಗೆ ಘಟಕ ನಿಲ್ಲಿಸಬೇಕು ಎಂಬುದನ್ನು ಯೋಜನೆಯ ಪರಿಸರ ಪರಿಣಾಮ ವರದಿಯಲ್ಲೇ ಮೊದಲು ಬರೆದಿಡಬೇಡವೇ?

*

ಕೈಗಾದ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟ್‌ನವು. ಒಂದೊಂದರ ಶಾಖ 2,166 ಮೆಗಾವಾಟ್. ಇವುಗಳಿಗೆ ಕೂಲಿಂಗ್ ಟವರ್ ಬರುತ್ತದೆ, ಆದ್ದರಿಂದ ಜಲಾಶಯಕ್ಕೆ ಬೀಳುವ ಬಿಸಿ ಬಹಳ ಕಡಿಮೆ. ಇದು ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಟವರ್ ನೀರನ್ನು ತಣಿಸುವುದು ಅದರಲ್ಲೊಂದು ಪಾಲನ್ನು ಆವಿಮಾಡಿ. ನನ್ನ ಅಂದಾಜು ಲೆಕ್ಕದಲ್ಲಿ ಒಂದು ಘಟಕಕ್ಕೆ ದಿನಕ್ಕೆ ಸುಮಾರು 4 ಕೋಟಿ ಲೀಟರ್ ಗಾಳಿಗೆ ಹೋಗುತ್ತದೆ, ಎರಡಕ್ಕೆ 8 ಕೋಟಿ. ಮಂಗಳೂರು ನಗರಕ್ಕೆ ತುಂಬೆಯಿಂದ ದಿನಕ್ಕೆ ಬರುವ ನೀರು ಸುಮಾರು 16 ಕೋಟಿ ಲೀಟರ್. ಅದರ ಅರ್ಧದಷ್ಟು ನೀರು ಇಲ್ಲಿ ಕಾಳಿಗೆ ಹಿಂದಿರುಗುವುದಿಲ್ಲ. ಬಿಸಿಯ ಸಮಸ್ಯೆ ಬಿಟ್ಟು ನೀರಿನ ಸಮಸ್ಯೆ ಹಿಡಿದಂತಾಯಿತು. ಕಾಳಿಯಂಥ ದೊಡ್ಡ ನದಿಗೆ ಇದು ಭಾರವಲ್ಲ ಎಂದು ಮಳೆಗಾಲದಲ್ಲಿ ಧಾರಾಳವಾಗಿ ಹೇಳಬಹುದು. ಮೇ ತಿಂಗಳಲ್ಲೂ ಹೇಳಬಹುದೇ?

*

ಸ್ಥಾವರ ಕಡಲ ಬದಿಯಲ್ಲಿದ್ದರೆ ಈ ತೊಡಕು ಇಲ್ಲ, ಸಮುದ್ರಕ್ಕೆ ಇದೆಲ್ಲ ಲೆಕ್ಕವಲ್ಲ ಎನ್ನುವವರಿದ್ದಾರೆ. ಕಲ್ಪಾಕ್ಕಂ, ಕೂಡಂಕುಳಂ ಕಡಲ ಬದಿಯಲ್ಲೇ ಇವೆ. ಹಾಗಾದರೆ ನಮ್ಮ ಕಡಲಿಗೇ ಲೆಕ್ಕ ಹಾಕಿ ನೋಡೋಣ. 700 ಮೆಗಾವಾಟ್‌ನ ಒಂದು ಘಟಕದ ಬಿಸಿಯನ್ನು 7 ಡಿಗ್ರಿಯೊಳಗೆ ಸಾಗಿಸಲು ಸೆಕೆಂಡಿಗೆ ಸುಮಾರು 50 ಘನ ಮೀಟರ್ ನೀರು ಬೇಕು. ದಿನಕ್ಕೆ 432 ಕೋಟಿ ಲೀಟರ್. ಇಡೀ ಮಂಗಳೂರಿಗೆ ಬರುವ ನೀರಿನ 27 ಪಟ್ಟು, ಒಂದೇ ಘಟಕಕ್ಕೆ.

ಅಷ್ಟು ನೀರನ್ನು ಎಳೆಯುವಾಗ ಬರೀ ನೀರು ಬರುವುದಿಲ್ಲ. ದೊಡ್ಡ ಮೀನು ಜಾಲರಿಗೆ ಬಡಿಯುತ್ತದೆ. ಮೊಟ್ಟೆ, ಮರಿ, ಸಿಗಡಿಯ ಲಾರ್ವಾ ಜಾಲರಿ ದಾಟಿ ಒಳಹೊಕ್ಕು ಪಂಪಿನ ಹೊಡೆತ, ಬಿಸಿ, ಕ್ಲೋರಿನ್ ಮೂರನ್ನೂ ಒಟ್ಟಿಗೆ ಎದುರಿಸುತ್ತವೆ. ಕೊಳವೆಯಲ್ಲಿ ಚಿಪ್ಪುಜೀವಿಗಳು ಅಂಟಿ ಬೆಳೆಯದಿರಲಿ ಎಂದು ಕ್ಲೋರಿನ್ ಹಾಕುತ್ತಾರೆ. ಕಲ್ಪಾಕ್ಕಂನಲ್ಲಿ ಪಚ್ಚೆ ಚಿಪ್ಪುಗಳದ್ದೂ ಜೆಲ್ಲಿಫಿಶ್‌ಗಳದ್ದೂ ದೊಡ್ಡ ಕಾಟ. ಪಡುವಣ ಕರಾವಳಿಯಲ್ಲಿ ಮೀನು ಮರಿಮಾಡಲಿ ಎಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯನ್ನೇ ನಿಷೇಧಿಸುತ್ತೇವೆ. ದಕ್ಕೆಯಲ್ಲಿ ಬೋಟುಗಳು ಎರಡು ತಿಂಗಳು ಕಟ್ಟಿಹಾಕಿಕೊಂಡು ನಿಲ್ಲುತ್ತವೆ. ಪಂಪಿಗೆ ಅಂಥ ರಜೆ ಇಲ್ಲ. ಬೂತಾಯಿ, ಬಂಗುಡೆ ಬಿಸಿಯಿಂದ ದೂರ ಈಜಿಯಾವು. ಅಳಿವೆಯ ಮರುವಾಯಿ ಚಿಪ್ಪು ಎಲ್ಲಿಗೆ ಹೋಗಬೇಕು?

ಕೂಲಿಂಗ್ ಟವರ್ ಕಟ್ಟಿ ಸಮುದ್ರದ ನೀರನ್ನೇ ಅದರಲ್ಲಿ ಸುತ್ತಿಸಿದರೆ? ಅದರ ಉತ್ತರ ಮಂಗಳೂರಿನ ಪಕ್ಕದಲ್ಲೇ ಇದೆ. ಪಡುಬಿದ್ರಿ ಬಳಿಯ ಉಡುಪಿ ಉಷ್ಣ ವಿದ್ಯುತ್ ಸ್ಥಾವರ ಕಲ್ಲಿದ್ದಲಿನದು, 600 ಮೆಗಾವಾಟ್‌ನ ಎರಡು ಘಟಕ. ತಣಿಸಲು ಬಳಸುವುದು ಸಮುದ್ರದ ನೀರು. ಬಾವಿಗೆ ಉಪ್ಪು ಇಳಿಯಿತು, ಟವರಿನಿಂದ ಹಾರುವ ಉಪ್ಪುಹನಿ ಮಲ್ಲಿಗೆಗೂ ಗದ್ದೆಗೂ ಬಿತ್ತು ಎಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ಕಟ್ಟುವಂತೆ ಆದೇಶಿಸಿತು. ಮೊದಲನೇ ಘಟಕ ಶುರುವಾಗಿ ಸುಮಾರು ಹನ್ನೆರಡು ವರ್ಷವಾದ ಮೇಲೆ.

*

1989ರಲ್ಲಿ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಆಗ ಅವರಿಗೆ 87. ನಾನು ಅವರಷ್ಟು ಖಚಿತವಾಗಿ ಬೇಡ ಎನ್ನಲಾರೆ. ಮಂಗಳೂರಿನಲ್ಲಿ ಫ್ಯಾನ್ ಇಲ್ಲದೆ ಮೇ ತಿಂಗಳು ಕಳೆಯಲಾಗದು, ಕಲ್ಲಿದ್ದಲ ಹೊಗೆ ಏನು ಮಾಡುತ್ತದೆಂದೂ ಗೊತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಬೇಕು ಎಂಬ ಅವರ ಹಟ ಮಾತ್ರ ಇಂದಿಗೂ ನ್ಯಾಯವಾದದ್ದು.

*

5, 6ನೇ ಘಟಕಗಳ ಸಾರ್ವಜನಿಕ ಅಹವಾಲು ಸಭೆ 2018ರ ಡಿಸೆಂಬರ್‌ನಲ್ಲಿ ನಡೆಯಿತು. ವಿರೋಧದ ದನಿ ಜೋರಾಗಿಯೇ ಇತ್ತು. 2019ರ ಆಗಸ್ಟ್‌ನಲ್ಲಿ ಪರಿಸರ ಅನುಮತಿ ಬಂತು. ನಿಯಮದ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಪರಿಸರ ವರದಿಯ ಸಾರಾಂಶ ಮಾತ್ರ. ಉಷ್ಣತೆಯ ಕೋಷ್ಟಕ, ಆಳದ ಅಳತೆ, ಮೀನಿನ ಪಟ್ಟಿ ಇರುವುದು ಇಂಗ್ಲಿಷ್ ಸಂಪುಟಗಳ ಒಳಗೆ. ಕಾಳಿಯಲ್ಲಿ ಬಲೆ ಬೀಸುವವರು ಆ ಪುಟಗಳನ್ನು ಓದಿ ಪ್ರಶ್ನೆ ಕೇಳುವುದು ಹೇಗೆ?

ಆ ಸಭೆ ನಡೆದ 2018ರ ಡಿಸೆಂಬರ್ ಕೊನೆಗೇ ಕೈಗಾದ ಒಂದನೇ ಘಟಕ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಎಂಜಿನಿಯರುಗಳ ಹೆಮ್ಮೆ ನ್ಯಾಯವಾದದ್ದೇ. ಆ 962 ದಿನಗಳಲ್ಲಿ ಎರಡು ಪೂರ್ಣ ಬೇಸಿಗೆ ಕಳೆದಿವೆ. ಹೊಸ ಘಟಕಗಳ ಪರಿಣಾಮ ಊಹಿಸಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಎಲ್ಲಿ ಸಿಗುತ್ತದೆ? ಒಳಹೋದ ನೀರು ಎಷ್ಟು ಡಿಗ್ರಿ, ಹೊರಬಂದದ್ದು ಎಷ್ಟು, ಆ ದಿನ ಜಲಾಶಯದ ಮಟ್ಟ ಎಷ್ಟು ಎಂಬ ಮೂರು ಅಂಕಿ ಸಾಕು. ತುಂಬೆಯ ಮಟ್ಟವನ್ನು ಪ್ರಕಟಿಸುವಂತೆ ಕದ್ರಾದ ಈ ಮೂರು ಅಂಕಿಗಳನ್ನೂ ದಿನಾ ಕನ್ನಡದಲ್ಲಿ ಪ್ರಕಟಿಸಿ ಎಂದು ಅಣು ವಿದ್ಯುತ್ ನಿಗಮವನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳುತ್ತೇನೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ನಮ್ಮ ಮಂಗಳೂರಿನಲ್ಲೇ ಇದೆ, ಅಂಕಿ ಕೈಗೆ ಸಿಕ್ಕರೆ ಅದರ ಅರ್ಥ ಹೇಳಬಲ್ಲವರು ಇಲ್ಲೇ ಇದ್ದಾರೆ. ನೀವೂ ಕೇಳಿ.