ಓಟು ಬೀಳದ ಪಡೆ, ಎದ್ದುಹೋದ ಅಂಗಡಿ

ಧಾರವಾಡ
ಶನಿವಾರ ರಾತ್ರಿ

ಪ್ರೀತಿಯ ಅಕ್ಕ,

ಅಮ್ಮನಿಗೆ ಪೇಢೆ ತೆಗೆದಿಟ್ಟಿದ್ದೇನೆಂದು ಹೇಳು. ಹುಬ್ಬಳ್ಳಿಯಲ್ಲಿ ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು, ಅದರ ಸುದ್ದಿಯೆಲ್ಲ ನಿಮಗೆ ಫೋನಿನಲ್ಲೇ ಗೊತ್ತಾಗಿರುತ್ತದೆ. ನಾನು ಬರೆಯಬೇಕೆಂದು ಕೂತದ್ದು ಬೇರೆಯದನ್ನು.

ಇವತ್ತು ಶನಿವಾರವೆಂದು ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗಿದ್ದೆವು. ಧಾರವಾಡದ ಅಂಚಿನಲ್ಲಿ, ಕೆರೆಯ ಪಕ್ಕ. ಶನಿವಾರ ಬಂತೆಂದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತೆಂಗಿನಕಾಯಿ, ಹೂವು, ಬಾಳೆಹಣ್ಣು ಮಾರುವವರು ಸಾಲಾಗಿ ಕೂತಿರುತ್ತಾರೆ. ಕಾಯಿ ಮಾರುವ ಹೆಂಗಸೊಬ್ಬಳನ್ನು ವ್ಯಾಪಾರ ಹೇಗಮ್ಮಾ ಎಂದು ಕೇಳಿದೆ. "ನಮ್ಮ ವಾರ ನಿಂತಿದ್ದ ಶನಿವಾರದ ಮ್ಯಾಲೆರಿ. ಒಂದ ಶನಿವಾರ ತಪ್ತಂದ್ರ ಆ ವಾರ ಬಡ್ಡಿ ಸಾಲಾನ" ಅಂದಳು. ಆ ಮಾತು ಕೇಳಿದಾಗ ನನಗೆ 2022ರ ಏಪ್ರಿಲ್ 9 ನೆನಪಾಯಿತು. ಅದೂ ಶನಿವಾರವೇ. ಮರುದಿನ ರಾಮನವಮಿ. ಇದೇ ಗುಡಿಯ ಆವರಣದಲ್ಲಿ ವಯಸ್ಸಾದ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಶ್ರೀರಾಮ ಸೇನೆಯೆಂಬ ಹಿಂದುತ್ವ ಸಂಘಟನೆಯ ಕಾರ್ಯಕರ್ತರು ನೆಲಕ್ಕೆ ಬಡಿದು ಒಡೆದುಹಾಕಿದರು. ಆ ಚಿತ್ರ ಟಿವಿಯಲ್ಲಿ ಬಂದಾಗ ನೀನು ಊಟ ಬಿಟ್ಟು ಎದ್ದಿದ್ದೆ. ಪೊಲೀಸರು ನಾಲ್ವರನ್ನು ಬಂಧಿಸಿದರು. ಹಣ್ಣು ಮಾರುವ ಆ ಹಿರಿಯರಿಗೆ ಆ ಶನಿವಾರ ಹೋಯಿತು. ಆಮೇಲಿನ ಎಷ್ಟು ಶನಿವಾರ ಅವರು ಹೆದರಿಕೊಂಡೇ ಕೂತಿರಬೇಕು ಎಂಬುದನ್ನು ಆ ಕಾಯಿ ಮಾರುವವಳ ಲೆಕ್ಕದಿಂದ ನಾವೇ ಊಹಿಸಿಕೊಳ್ಳಬಹುದು.

ಶ್ರೀರಾಮ ಸೇನೆಯೆಂಬ ಈ ಪಡೆ ಬೆಳೆದದ್ದು ಹುಬ್ಬಳ್ಳಿ-ಧಾರವಾಡದ ಇದೇ ಅವಳಿ ನಗರದಲ್ಲಿ. ಅದಕ್ಕೂ ಮೊದಲು ನೆಲ ಹದವಾಗಿತ್ತು. ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮ ವೃತ್ತದ ಪಕ್ಕದಲ್ಲಿ ಈದ್ಗಾ ಮೈದಾನವಿದೆಯಲ್ಲ, ನಿನ್ನೆ ಅದರ ಬೇಲಿಗುಂಟ ನಡೆದೆ. 1921ರಲ್ಲಿ ಪುರಸಭೆ ಅದನ್ನು ಅಂಜುಮನ್‌-ಎ-ಇಸ್ಲಾಂ ಎಂಬ ಮುಸ್ಲಿಂ ಸಂಸ್ಥೆಗೆ 999 ವರ್ಷಗಳ ಗುತ್ತಿಗೆಗೆ ಕೊಟ್ಟಿತ್ತು, ವರ್ಷಕ್ಕೆ 1 ರೂಪಾಯಿ ಬಾಡಿಗೆ. 1992ರಿಂದ ಅಲ್ಲಿ ರಾಷ್ಟ್ರಧ್ವಜ ಹಾರಿಸುತ್ತೇವೆಂಬ ಚಳವಳಿ ಶುರುವಾಯಿತು. 1994ರ ಆಗಸ್ಟ್ 15ರಂದು ಗೋಲಿಬಾರ್ ಆಗಿ ಜನ ಸತ್ತರು. ಅದೇ ವರ್ಷದ ಕೊನೆಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 40 ಸ್ಥಾನ ಗೆದ್ದು ವಿರೋಧ ಪಕ್ಷವಾಯಿತು. ಮರುವರ್ಷ ಅಂಜುಮನ್‌ನವರೇ ಆ ಮೈದಾನದಲ್ಲಿ ಧ್ವಜ ಹಾರಿಸಿದರು. ಜಗಳದ ಕಾರಣ ಅಲ್ಲಿಗೆ ತೀರಬೇಕಿತ್ತು. ತೀರಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಆ ಜಾಗ ಪಾಲಿಕೆಯದೆಂದು ಹೇಳಿತು. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಅನುಮತಿಯಿಂದ ಅಲ್ಲಿ ಗಣೇಶನನ್ನು ಕೂರಿಸಿದರು.

ಪ್ರಮೋದ್ ಮುತಾಲಿಕರು ಮೊದಲು ಬಜರಂಗದಳದಲ್ಲಿದ್ದವರು. ಅಲ್ಲಿಂದ ಹೊರಬಂದು 2005ರಲ್ಲಿ ಶಿವಸೇನೆ ಸೇರಿದರು. ಅದನ್ನೂ ಬಿಟ್ಟು ಶ್ರೀರಾಮ ಸೇನೆ ಕಟ್ಟಿ ಬೆಳೆಸಿದರು. ದೇಶಕ್ಕೆಲ್ಲ ಅದರ ಹೆಸರು ಗೊತ್ತಾದದ್ದು 2009ರ ಜನವರಿ 24ರಂದು. ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಹೊಡೆದು, ಬೀದಿಗೆ ಎಳೆದಾಡಿತು. ಕ್ಯಾಮೆರಾ ಎದುರೇ ನಡೆದ ಆ ಹಲ್ಲೆಯನ್ನು ನಾವೆಲ್ಲ ಕಣ್ಣಾರೆ ನೋಡಿದೆವು. ಆ ಪ್ರಕರಣದ ಆರೋಪಿಗಳೆಲ್ಲ 2018ರಲ್ಲಿ ಮಂಗಳೂರಿನ ನ್ಯಾಯಾಲಯದಲ್ಲಿ ಖುಲಾಸೆಯಾದರು. ಇದನ್ನು ಬರೆಯುವಾಗ ಈಗಲೂ ಕೈ ಬಿಗಿಯುತ್ತದೆ ಅಕ್ಕ. ಇಡೀ ನಾಡು ನೋಡಿದ್ದಕ್ಕೆ ಒಬ್ಬನೂ ಹೊಣೆಯಾಗಲಿಲ್ಲ.

2009ರ ಆ ಫೆಬ್ರುವರಿಯಲ್ಲಿ ಈ ಸೇನೆಯನ್ನು ಪ್ರತಿಭಟಿಸಿ ದೇಶದ ನಾನಾ ಕಡೆಯಿಂದ ಹೆಂಗಸರು ಗುಲಾಬಿ ಬಣ್ಣದ ಒಳಉಡುಪುಗಳನ್ನು ಪಾರ್ಸೆಲ್ ಮಾಡಿ ಇಲ್ಲಿಗೆ, ಸೇನೆಯ ಹುಬ್ಬಳ್ಳಿ ಕಚೇರಿಗೆ ಕಳಿಸಿದ್ದು ನಿನಗೆ ನೆನಪಿರಬಹುದು. ಆಗ ಬಹಳ ಜನ ನಕ್ಕರು. ನಕ್ಕು ಮುಗಿಸಬಾರದಿತ್ತು ಎಂದು ನನಗೆ ಇವತ್ತು ಅನ್ನಿಸುತ್ತದೆ. ಹೆಣ್ಣುಮಕ್ಕಳು ಎಲ್ಲಿ ಕೂರಬೇಕು, ಯಾರ ಜೊತೆ ಕೂರಬೇಕು ಎಂದು ಹೇಳಲು ಹೊರಟವರೇ ಹದಿಮೂರು ವರ್ಷದ ಮೇಲೆ ಹಣ್ಣಿನ ಬುಟ್ಟಿ ಎಲ್ಲಿ ಇಡಬೇಕೆಂದು ಹೇಳಿದರು. ಎರಡೂ ಒಂದೇ ಕೆಲಸ. ಊರಿನ ಜಾಗವನ್ನು ಗೆರೆ ಎಳೆದು ಹಂಚುವುದು, ಗೆರೆ ದಾಟಿದವರನ್ನು ಹೊಡೆಯುವುದು.

ಓಟಿನ ವಿಷಯಕ್ಕೆ ಬಂದರೆ ಈ ಪಡೆಗೆ ದಕ್ಕಿದ್ದು ಏನೂ ಇಲ್ಲ. 2014ರ ಮಾರ್ಚ್‌ನಲ್ಲಿ ಮುತಾಲಿಕರನ್ನು ಹುಬ್ಬಳ್ಳಿಯಲ್ಲೇ ಬಿಜೆಪಿಗೆ ಸೇರಿಸಿಕೊಂಡರು. ದೇಶದೆಲ್ಲೆಡೆ ಗದ್ದಲವೆದ್ದು, ಕೆಲವೇ ಗಂಟೆಗಳಲ್ಲಿ ದೆಹಲಿಯವರು ಆ ಸೇರ್ಪಡೆಯನ್ನು ರದ್ದು ಮಾಡಿದರು. ಅದೇ ವರ್ಷ ಗೋವಾ ಸರಕಾರ ಅವರನ್ನು ರಾಜ್ಯದೊಳಕ್ಕೆ ಬಿಡಲಿಲ್ಲ. ಅದೂ ಬಿಜೆಪಿ ಸರಕಾರವೇ. 2015ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಅರ್ಜಿಯನ್ನು ಮನ್ನಿಸಲಿಲ್ಲ. 2023ರಲ್ಲಿ ಕಾರ್ಕಳದಲ್ಲಿ ಬಿಜೆಪಿಯ ಮಂತ್ರಿಯ ವಿರುದ್ಧವೇ ಪಕ್ಷೇತರರಾಗಿ ನಿಂತರು, ಐದು ಸಾವಿರ ಮತವೂ ಬರಲಿಲ್ಲ. ಇಷ್ಟನ್ನೇ ನೋಡಿದವರು ಈ ಪಡೆಯ ಕಥೆ ಮುಗಿಯಿತು ಎನ್ನುತ್ತಾರೆ. ನಿಶ್ಚಿತಾರ್ಥದ ಮನೆಯಲ್ಲೂ ಒಬ್ಬ ಹಿರಿಯರು ಹಾಗೇ ಅಂದರು, "ಅವರದೇನ್ ಉಳದೈತ್ರಿ ಈಗ, ಠೇವಣಿನೂ ಇಲ್ಲ" ಅಂತ.

ಆ ಹಿರಿಯರ ಎದುರು ನಾನು ವಾದಕ್ಕಿಳಿಯಲಿಲ್ಲ. ನಿನಗೆ ಬರೆಯುತ್ತೇನೆ. ಅಮೆರಿಕದಲ್ಲಿ ಜಾರ್ಜ್ ವಾಲೇಸ್ ಎಂಬ ಅಲಬಾಮಾದ ಗವರ್ನರ್ ಇದ್ದ. ಕರಿಯರೂ ಬಿಳಿಯರೂ ಒಂದೇ ಶಾಲೆಯಲ್ಲಿ ಓದಕೂಡದೆಂದು ವಿಶ್ವವಿದ್ಯಾಲಯದ ಬಾಗಿಲಿಗೇ ಅಡ್ಡ ನಿಂತವನು. 1968ರಲ್ಲಿ ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿಯ ಅಭ್ಯರ್ಥಿಯಾಗಿ ಅಧ್ಯಕ್ಷ ಚುನಾವಣೆಗೆ ನಿಂತು 5 ರಾಜ್ಯಗಳನ್ನು ಗೆದ್ದ. ಆಮೇಲೆ ಆ ಪಕ್ಷ ಸೊರಗಿ ಹೋಯಿತು. ಅದರ ಮತದಾರರು ಎಲ್ಲಿಗೂ ಹೋಗಲಿಲ್ಲ, ಅವರನ್ನು ಒಲಿಸಿಕೊಳ್ಳುವ ಮೆದುವಾದ ಮಾತನ್ನು ದೊಡ್ಡ ಪಕ್ಷವೇ ಕಲಿತುಕೊಂಡಿತು. ಇಂಥ ಪಡೆಗಳ ಏಳುಬೀಳನ್ನು ಮತಪೆಟ್ಟಿಗೆಯಲ್ಲಿ ಹುಡುಕಿದರೆ ಸಿಗುವುದು ಅರ್ಧ ಲೆಕ್ಕ. ಯಾರು ತಮ್ಮ ಜಾಗ ಬಿಟ್ಟು ಎದ್ದುಹೋದರು, ಯಾರು ಮರಳಿ ಬಂದು ಕೂತರು ಎಂಬುದನ್ನು ಎಣಿಸಬೇಕು.

2022ರ ಆ ವಸಂತದಲ್ಲಿ ಆದದ್ದನ್ನೇ ನೋಡು. ಮಾರ್ಚ್ 15ರಂದು ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು ಬಂತು. 17ರಂದು ಅದನ್ನು ವಿರೋಧಿಸಿ ಮುಸ್ಲಿಂ ಸಂಘಟನೆಗಳು ಬಂದ್ ಮಾಡಿದವು. ಅದಕ್ಕೆ ಉತ್ತರವೆಂಬಂತೆ ಕಾಪುವಿನ ಮಾರಿಜಾತ್ರೆಯಲ್ಲಿ ಮುಸ್ಲಿಮರಿಗೆ ಅಂಗಡಿ ಇಲ್ಲ ಎಂದಾಯಿತು. ಅಲ್ಲಿಂದ ಒಂದೊಂದೇ ಜಾತ್ರೆಗೆ ಆ ಬ್ಯಾನರು ಹಬ್ಬಿತು. ಇದು ಬರೀ ಒಂದು ಸೇನೆಯ ಕೆಲಸವಾಗಿರಲಿಲ್ಲ, ಬೇರೆ ಬೇರೆ ಹಿಂದುತ್ವ ಸಂಘಟನೆಗಳು ಕೈಜೋಡಿಸಿದ್ದವು. ಆಗಿನ ಬಿಜೆಪಿ ಸರಕಾರ ವಿಧಾನಸಭೆಯಲ್ಲಿ ಒಂದು ನಿಯಮ ಓದಿತು. ಧಾರ್ಮಿಕ ದತ್ತಿ ಇಲಾಖೆಯ 2002ರ ನಿಯಮಾವಳಿಯ 31(12), ಅಂದರೆ ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು. ಈ ನಿಯಮ ಬಂದದ್ದು ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರವಿದ್ದಾಗ, ಅದನ್ನೂ ಹೇಳಬೇಕು. ಇಪ್ಪತ್ತು ವರ್ಷ ಹೆಚ್ಚು ಜನರ ಬಾಯಲ್ಲಿಲ್ಲದ ಕಾಗದ ಒಮ್ಮೆಗೇ ಹಲವು ಜಾತ್ರೆಗಳಲ್ಲಿ ಓಡಾಡಿತು. ಓಟು ಸಿಗದ ಪಡೆಯೊಂದು ಬೀದಿಯಲ್ಲಿ ಕೂಗಿದ್ದನ್ನು ಸರಕಾರಿ ಕಾಗದ ಮೆತ್ತಗೆ ಹೇಳಿತು. ಆಮೇಲೆ ಕೂಗುವವರ ಅಗತ್ಯವೇ ಕಡಿಮೆಯಾಯಿತು. ಕಾರ್ಕಳದ ಸೋಲಿನ ಹಿಂದೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇವತ್ತು ಮಧ್ಯಾಹ್ನ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'ಕ್ಕೂ ಹೋಗಿದ್ದೆ. ಬಸವಣ್ಣನ ವಚನಗಳನ್ನು ಹಾಡಿದ ಆ ಲಿಂಗಾಯತ ಗಾಯಕರನ್ನು ತಿದ್ದಿ ಬೆಳೆಸಿದ್ದು ಅಲ್ಲಾದಿಯಾ ಖಾನರ ಮಕ್ಕಳು, ಮಂಜೀ ಖಾನ್ ಮತ್ತು ಭುರ್ಜೀ ಖಾನ್. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಗುರು ಸವಾಯಿ ಗಂಧರ್ವರು ಕಲಿತದ್ದು ಅಬ್ದುಲ್ ಕರೀಂ ಖಾನರಲ್ಲಿ. ಶಿಶುನಾಳದ ಷರೀಫರ ಊರೂ ಮೊದಲು ಧಾರವಾಡ ಜಿಲ್ಲೆಯಲ್ಲೇ ಇತ್ತು, ಅವರ ಗುರು ಗೋವಿಂದ ಭಟ್ಟರು. ಈ ಹೆಸರುಗಳನ್ನೆಲ್ಲ ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ, ಹೇಳಲೇಬೇಕು. ಆದರೆ ಬರೀ ಅಭಿಮಾನ ಆ ಕಲ್ಲಂಗಡಿಯನ್ನು ಕಾಯಲಿಲ್ಲ ಎಂಬುದು ನನ್ನನ್ನು ಚುಚ್ಚುತ್ತಿದೆ.

ಆದ್ದರಿಂದ ಒಂದು ಕೆಲಸದ ಮಾತು. ಭಾವ ನಮ್ಮೂರ ಜಾತ್ರಾ ಸಮಿತಿಯಲ್ಲಿದ್ದಾರೆ, ಬರುವ ತಿಂಗಳು ಅಂಗಡಿ ಜಾಗದ ಹರಾಜಿನ ಸಭೆ ಇದೆ. ಯಾರಾದರೂ ಆ 31(12) ಅನ್ನು ಎತ್ತಿಯೇ ಎತ್ತುತ್ತಾರೆ. ಆಗ ನಿಯಮವನ್ನು ಪೂರ್ತಿ ಓದಿಸಲಿ. ಅದರಲ್ಲಿರುವುದು ದೇವಸ್ಥಾನದ ಸ್ವತ್ತನ್ನು ಗುತ್ತಿಗೆ ಕೊಡುವ ಮಾತು. ಮೂರು ದಿನ ರಸ್ತೆ ಬದಿಯಲ್ಲಿ ಬಳೆ, ಬತ್ತಾಸು, ಪೀಪಿ ಮಾರುವವರ ತಳ್ಳುಗಾಡಿಯ ಹೆಸರು ಅದರಲ್ಲಿಲ್ಲ. ರಸ್ತೆ ಪಂಚಾಯಿತಿಯದು, ದೇವಸ್ಥಾನದ್ದಲ್ಲ. ಈ ವ್ಯತ್ಯಾಸವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು, ಬಾಯಿಮಾತಿಗೆ ಬಿಡಬಾರದು. ಹೋದ ವರ್ಷ ಜಾಗ ಹಿಡಿದವರ ಪಟ್ಟಿ ಸಮಿತಿಯ ಹತ್ತಿರ ಇರುತ್ತದೆ, ಅದರಲ್ಲಿ ಈ ಸಲ ಬರದವರು ಯಾರೆಂದು ಭಾವ ಒಮ್ಮೆ ತಾಳೆ ನೋಡಲಿ. ಬಳೆಗಾರ ಸಾಬರು ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಸಮಿತಿಯ ಪರವಾಗಿಯೇ ಅವರ ಮನೆಗೆ ಹೇಳಿಕಳಿಸಲಿ. ಭಾವನಿಗೆ ಸಭೆಯಲ್ಲಿ ಮಾತಾಡಲು ಸಂಕೋಚವಾದರೆ ನೀನೇ ಹೋಗು, ಹೆಂಗಸರು ಸಭೆಗೆ ಬರಬಾರದೆಂಬ ನಿಯಮ ಎಲ್ಲೂ ಇಲ್ಲ. ನಾನು ಬುಧವಾರದ ರೈಲಿಗೆ ಹೊರಡುತ್ತೇನೆ. ಸಭೆಯ ದಿನಾಂಕ ಗೊತ್ತಾದ ಕೂಡಲೇ ತಿಳಿಸು, ನಾನೂ ಬರುತ್ತೇನೆ.

ನಿನ್ನ ತಮ್ಮ